ಪೆರೇಡಿಗೆ ಮೊದಲು ಕತ್ತರಿಸಿದ ಜುಟ್ಟು

ಕತ್ತರಿ ನನ್ನ ಕೈಯಲ್ಲಿತ್ತೋ ರಮೇಶನ ಕೈಯಲ್ಲಿತ್ತೋ, ಖಚಿತವಾಗಿ ಹೇಳಲಾರೆ. ನಿನ್ನ ಜುಟ್ಟನ್ನು ಕತ್ತರಿಸಿದ್ದು ನಮ್ಮಿಬ್ಬರಲ್ಲಿ ಒಬ್ಬ. ಅದೇ ದಿನ ಮಧ್ಯಾಹ್ನ ಹೆಡ್‌ಮಾಸ್ಟರ ಮುಂದೆ ನಿಂತು "ಅವನೇ ಕತ್ತರಿಸು ಅಂದ ಸಾರ್" ಎಂದು ಸುಳ್ಳು ಹೇಳಿದವನು ಮಾತ್ರ ನಾನೇ. ಅದರಲ್ಲಿ ಅನುಮಾನವಿಲ್ಲ. ಉಳಿದದ್ದು — ಯಾರು ನಕ್ಕರು, ಯಾರು ಸುಮ್ಮನೆ ನೋಡುತ್ತ ನಿಂತರು, ನೀನು ಏನಂದೆ — ಅದನ್ನೆಲ್ಲ ನಾನು ಎಷ್ಟು ಕಡೆ ಎಷ್ಟು ಬಗೆಯಲ್ಲಿ ಹೇಳಿದ್ದೇನೆ ಎಂದರೆ, ಈಗ ನಡೆದದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂದು ಬೇರೆ ಮಾಡಲು ಆಗುತ್ತಿಲ್ಲ.

ಇದನ್ನು ಬರೆಯಬಹುದೇ ಎಂದು ನಿನ್ನ ಅಕ್ಕನ ಮೂಲಕ ಕೇಳಿಸಿದ್ದೆ. "ಬರೀಲಿ, ನನ್ನ ಹೆಸರು ಮಾತ್ರ ಬೇಡ" ಎಂದೆಯಂತೆ. ಹಾಗಾಗಿ ಇಲ್ಲಿ ನೀನು ಪ್ರಹ್ಲಾದ. ನರಸಿಂಹನ ಊರಿನಲ್ಲಿ ಆ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಯಾರೂ ನಿನ್ನನ್ನು ಹುಡುಕಿಕೊಂಡು ಬರಲಾರರು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ದಂಡಿಗನಹಳ್ಳಿ ಕಡೆಯ ಒಕ್ಕಲು ಮನೆಯ ಹುಡುಗ; ಓದಿಗೆಂದು ಹೊಳೆನರಸೀಪುರದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ನಿನ್ನ ಮನೆ ದೇವಸ್ಥಾನದ ಬೀದಿಯಲ್ಲಿ. ತಾತ ಪುರೋಹಿತರಾಗಿದ್ದವರು, ತೀರಿಕೊಂಡಿದ್ದರು. ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಒಂಬತ್ತನೇ ತರಗತಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನಿನ್ನ ಬೀದಿಯ ಬೇರೆ ಹುಡುಗರಿಗೂ ಮುಂಜಿಯಾಗಿತ್ತು. ಆದರೆ ಅವರೆಲ್ಲ ಮುಂಜಿಯ ಜುಟ್ಟನ್ನು ಸ್ವಲ್ಪ ದಿನದಲ್ಲೇ ತೆಗೆಸಿ ನಮ್ಮ ಹಾಗೆ ಕ್ರಾಪು ಬಾಚಿಕೊಂಡು ಬರುತ್ತಿದ್ದರು. ಇಡೀ ಶಾಲೆಯಲ್ಲಿ ಜುಟ್ಟು ಉಳಿಸಿಕೊಂಡಿದ್ದವನು ನೀನೊಬ್ಬನೇ. ಗಿಡ್ಡ ಕೂದಲ ನಡುವೆ ನೆತ್ತಿಯ ಹಿಂದೆ ಒಂದು ಹಿಡಿಯಷ್ಟು ಉದ್ದ ಕೂದಲು. ಓಟದ ಪಂದ್ಯಕ್ಕೆ ಮೊದಲು ಅದನ್ನು ಗಂಟು ಹಾಕಿಕೊಳ್ಳುತ್ತಿದ್ದೆ. ಗೆಲ್ಲುತ್ತಲೂ ಇದ್ದೆ.

ನಾವು ಸುಮ್ಮನಿರುತ್ತಿದ್ದೆವೇ. ಹಿಂದಿನ ಬೆಂಚಿನ ರಮೇಶ ಅದನ್ನು ಸೈಕಲ್ ಬೆಲ್ಲು ಮಾಡಿಕೊಂಡಿದ್ದ. ಎಳೆದು "ಟ್ರಿಣ್ ಟ್ರಿಣ್, ಪಕ್ಕಕ್ಕೋಗ್ಲಾ" ಎನ್ನುತ್ತಿದ್ದ. ನೀನು ತಿರುಗಿಯೂ ನೋಡದೆ "ಬೆಲ್ಲಿದ್ರೆ ಸಾಲದು ಕಣೋ, ಬ್ರೇಕೂ ಬೇಕು" ಎಂದು ಮೊಣಕೈಯಲ್ಲಿ ಹಿಂದಕ್ಕೆ ಒಂದು ಕೊಡುತ್ತಿದ್ದೆ. ಒಂದು ದಿನ ವಿಜ್ಞಾನದ ಮೇಷ್ಟ್ರು ಕೂದಲೆಂದರೆ ಸತ್ತ ಜೀವಕೋಶ ಎಂದರು. ರಮೇಶ ಎದ್ದು ನಿಂತ. "ಅಂಗಾರೆ ಇವ್ನು ಯೆಣ ಕಟ್ಕೊಂಡು ತಿರುಗ್ತಾವ್ನೆ ಸಾ."

"ನೀನು ಬಾಚ್ಕೊಂಡು ತಿರುಗ್ತೀಯ, ಅಷ್ಟೇ ವ್ಯತ್ಯಾಸ" ಎಂದೆ ನೀನು, ಕೂತಲ್ಲಿಂದಲೇ.

ಮೇಷ್ಟ್ರೂ ನಕ್ಕರು. ಇದು ನನಗೆ ಚೆನ್ನಾಗಿ ನೆನಪಿದೆ — ಅಥವಾ ಚೆನ್ನಾಗಿ ನೆನಪಿದೆ ಎಂದು ಅನ್ನಿಸುತ್ತದೆ. ಆ ತರಗತಿಯಲ್ಲಿ ಪ್ರಶ್ನೆ ಕೇಳುವ ಧೈರ್ಯ ಇದ್ದವನು ನೀನು. ಮೇಷ್ಟ್ರು ಹೇಳಿದ್ದನ್ನು ಹಾಗೆಯೇ ಒಪ್ಪಿಸಿ ಮೊದಲ ಸ್ಥಾನ ತೆಗೆದುಕೊಳ್ಳುತ್ತಿದ್ದವನು ನಾನು. ಮುಂದೆ ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಪ್ರಶ್ನಿಸುವವನೆಂದು ಹೆಸರಾದದ್ದು ನಾನು.

ಜನವರಿಯಲ್ಲಿ ಗಣರಾಜ್ಯೋತ್ಸವದ ಪೆರೇಡಿನ ತಾಲೀಮು ಶುರುವಾಯಿತು. ತಾಲ್ಲೂಕು ಮೈದಾನದಲ್ಲಿ ಎಲ್ಲ ಶಾಲೆಗಳ ಮುಂದೆ ಸಾಮೂಹಿಕ ಕವಾಯತು ಮಾಡುವ ಸರದಿ ಆ ಸಲ ನಮ್ಮದು. ನಾನು ತರಗತಿಯ ಲೀಡರು; ಸಾಲು ನೋಡಿಕೊಳ್ಳುವ ಹೊಣೆ ನನ್ನದು. ಪಿ.ಟಿ. ಮೇಷ್ಟ್ರು ಕೆಟ್ಟವರಲ್ಲ. ಬಿಸಿಲಿನಲ್ಲಿ ನಮ್ಮ ಜೊತೆಗೇ ನಿಲ್ಲುತ್ತಿದ್ದರು. ಆದರೆ ಸಾಲು ಎಂದರೆ ಅವರಿಗೆ ಪ್ರಾಣ. ಎಲ್ಲರೂ ಮುಂದಕ್ಕೆ ಬಗ್ಗಿ ಏಳುವ ಒಂದು ವ್ಯಾಯಾಮವಿತ್ತು. ಅದರಲ್ಲಿ ಅವರ ಕಣ್ಣಿಗೆ ಬೀಳುತ್ತಿದ್ದುದು ನೀನೊಬ್ಬನೇ.

"ಲೋ, ನೀನು ಬಗ್ಗಿದ್ರೆ ಅದೂ ಬಗ್ಗುತ್ತೆ. ನೀನು ಎದ್ದ ಮೇಲೆ ಅದು ನಿಧಾನಕ್ಕೆ ಏಳುತ್ತೆ. ಜನ ಅದನ್ನ ನೋಡ್ತಾರೋ ಸಾಲು ನೋಡ್ತಾರೋ? ಒಂದು ಕೆಲಸ ಮಾಡು, ಸ್ಕೂಲಿನ ಬೋರ್ಡು ಹಿಡ್ಕೊಂಡು ಮುಂದೆ ನಿಂತ್ಕೋ."

"ಆಗ್ಲಿ ಸಾರ್" ಎಂದೆ ನೀನು. ಅಷ್ಟೇ. ಬೇಸರವಾದಂತೆ ಕಾಣಲಿಲ್ಲ. ಬೇಸರವಾದದ್ದು ನಮಗೆ. ನೀನು ಬಿಟ್ಟುಹೋದ ಜಾಗ ಎರಡನೆಯ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ನಮ್ಮ ಎಲ್ಲರಿಗಿಂತ ಚೆನ್ನಾಗಿ ಕವಾಯತು ಮಾಡುತ್ತಿದ್ದವನು ಬೋರ್ಡು ಹಿಡಿದು ಸುಮ್ಮನೆ ನಿಂತಿದ್ದ — ಅದೂ ಖುಷಿಯಾಗಿ. ಆ ಖುಷಿಯನ್ನು ನಾನು ನಂಬಲಿಲ್ಲ. ಒಳಗೆ ಅಳುತ್ತಿದ್ದಾನೆ, ಅಪ್ಪನ ಭಯಕ್ಕೆ ಹೇಳುತ್ತಿಲ್ಲ ಎಂದುಕೊಂಡೆ. ಬೇರೆಯವನಾಗಿರಲು ಒಬ್ಬ ಹುಡುಗ ತಾನೇ ಇಷ್ಟಪಡಬಹುದು ಎಂಬ ಯೋಚನೆ — ಇಲ್ಲ, ಅದು ನನ್ನ ತಲೆಗೆ ಬರುವಂತಹದ್ದೇ ಆಗಿರಲಿಲ್ಲ.

ಮಾವನ ಮನೆಯಲ್ಲಿ ದೊಡ್ಡವರ ಮಾತು ಕೇಳಿಸಿಕೊಳ್ಳುತ್ತಿದ್ದೆ. ಜಾತಿಯ ಗುರುತುಗಳು ಅಳಿಯಬೇಕು, ಶಾಲೆಯಲ್ಲಿ ಎಲ್ಲರೂ ಒಂದೇ ಸಮವಸ್ತ್ರ ಹಾಕುವುದು ಅದಕ್ಕೇ, ಎನ್ನುತ್ತಿದ್ದರು. ಆ ಮಾತು ನನಗೆ ಈಗಲೂ ಒಪ್ಪಿಗೆ. ನನ್ನ ಅಜ್ಜನನ್ನು ಜಗುಲಿ ಹತ್ತಿಸದ ಮನೆಗಳು ಅದೇ ಊರಿನಲ್ಲಿದ್ದವು. ಆದರೆ ಅದನ್ನು ಹದಿನಾಲ್ಕು ವರ್ಷದ ಹುಡುಗನ ಬೆನ್ನ ಹಿಂದೆ ನಿಂತು ತೀರಿಸಿಕೊಳ್ಳುವುದು — ಇರಲಿ. ಅದನ್ನು ಮುಂದೆ ತಂದು ನಿಲ್ಲಿಸಿದರೆ ನನ್ನನ್ನು ನಾನೇ ಸಮರ್ಥಿಸಿಕೊಂಡಂತಾಗುತ್ತದೆ. ಅವತ್ತು ನನ್ನ ಮನಸ್ಸಿನಲ್ಲಿ ಅಜ್ಜ ಇರಲಿಲ್ಲ. ಎರಡನೆಯ ಸಾಲಿನ ಖಾಲಿ ಜಾಗ ಇತ್ತು.

ನಾನು ಹುಡುಗರಿಗೆ ಹೇಳಿದೆ: "ಅವನ ತಪ್ಪಲ್ಲ ಕಣ್ರಲಾ. ಅವರಪ್ಪ ಬಲವಂತ ಮಾಡಿ ಜುಟ್ಟು ಬಿಡ್ಸವ್ನೆ. ನಾವೇ ಬಿಡುಗಡೆ ಮಾಡ್ಬೇಕು ಅವನ್ನ."

ಬಿಡುಗಡೆ. ಆ ಪದವನ್ನು ನಾನು ಆಗ ಬಳಸಿದೆನೋ, ಆಮೇಲೆ ಓದಿದ ಪುಸ್ತಕಗಳಿಂದ ಹಿಂದಕ್ಕೆ ಒಯ್ದು ಆ ಹುಡುಗನ ಬಾಯಿಗೆ ಹಾಕಿದೆನೋ ಗೊತ್ತಿಲ್ಲ. ಅರ್ಥವಂತೂ ಅದೇ ಇತ್ತು.

ಪೆರೇಡಿನ ಹಿಂದಿನ ದಿನ ಬೆಳಗ್ಗೆ ತರಗತಿಯಲ್ಲಿ ಬೆಂಚುಗಳನ್ನು ಸರಿಸಿ ಬಣ್ಣದ ಕಾಗದದ ಬಾವುಟಗಳನ್ನು ದಾರಕ್ಕೆ ಅಂಟಿಸುತ್ತಿದ್ದೆವು. ಮೈದಾ ಅಂಟಿನ ವಾಸನೆ. ಕತ್ತರಿಗಳು ಹತ್ತಾರು ಕೈಗಳಲ್ಲಿ ಓಡಾಡುತ್ತಿದ್ದವು. ನೀನು ನೆಲದ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದೆ. ದಾರದ ಒಂದು ತುದಿಯನ್ನು ಕಾಲ್ಬೆರಳಿಗೆ ಸುತ್ತಿಕೊಂಡು ಎಳೆದು ಹಿಡಿದಿದ್ದೆ.

ಇಲ್ಲಿಂದ ನನ್ನ ನೆನಪು ನಂಬಿಕೆಗೆ ಯೋಗ್ಯವಲ್ಲ. ಕತ್ತರಿ ಹಿಡಿದ ಕೈಯೊಂದು ಕಾಣುತ್ತದೆ. ಆ ಕೈಯ ಹಿಂದೆ ನನ್ನ ಮುಖವೂ ಕಾಣುತ್ತದೆ. ನನ್ನ ಮುಖ ನನಗೆ ಕಾಣಲು ಹೇಗೆ ಸಾಧ್ಯ? ಮನಸ್ಸು ಪ್ರತಿ ಸಲವೂ ನೆನಪನ್ನು ಹೊಸದಾಗಿ ಕಟ್ಟುತ್ತದೆ ಎಂದು ಮೈಸೂರಿನಲ್ಲಿ ಎಂ.ಎ. ಓದುವಾಗ ಕಲಿತೆ, ಕಲಿತ ಮೇಲೆ ಅದು ನನಗೊಂದು ಒಳ್ಳೆಯ ಆಸರೆಯೂ ಆಯಿತು. ಅನುಮಾನವಿದೆ ಎಂದುಬಿಟ್ಟರೆ ಹೊಣೆ ಹಗುರಾಗುತ್ತದೆ. ಒಂದೇ ಒಂದು ಮಾತಿನ ಬಗ್ಗೆ ಅನುಮಾನವಿಲ್ಲ, ಏಕೆಂದರೆ ಆಡಿದ ತಕ್ಷಣ ನನಗೇ ಅದರ ಬಗ್ಗೆ ಹೆಮ್ಮೆಯಾಗಿತ್ತು. ಕೂದಲು ನೆಲಕ್ಕೆ ಬಿದ್ದಾಗ ನಿನ್ನ ಭುಜದ ಮೇಲೆ ಕೈ ಇಟ್ಟು ನಾನು ಹೇಳಿದೆ:

"ಇವತ್ತಿಂದ ನೀನೂ ನಮ್ಮಂಗೇ ಕಣ್ಲಾ."

ಪ್ರೀತಿಯಿಂದಲೇ ಹೇಳಿದೆ. ಈಗ ಹೆಚ್ಚು ಕೊರೆಯುವುದು ಅದೇ.

ನೀನು ಹಿಂದಕ್ಕೆ ಕೈ ಹಾಕಿ ಮುಟ್ಟಿ ನೋಡಿಕೊಂಡೆ. ಕೈಯಲ್ಲಿದ್ದ ಬಾವುಟವನ್ನು ದಾರಕ್ಕೆ ಅಂಟಿಸಿ ಮುಗಿಸಿದೆ. ಆಮೇಲೆ "ಕೇಳ್ಬೋದಿತ್ತಲ್ಲೋ" ಎಂದೆ. ಅಂದೆಯೋ? ಅಥವಾ ನೀನು ಏನೂ ಅನ್ನದೆ ಎದ್ದುಹೋದೆ, ಆ ಮೌನವನ್ನು ತುಂಬಲು ಮುಂದೆಂದೋ ನಾನೇ ಆ ಮಾತನ್ನು ಸೇರಿಸಿದೆನೋ? ನೀನೇ ಹೇಳಬೇಕು.

ಮಧ್ಯಾಹ್ನ ಹೆಡ್‌ಮಾಸ್ಟರು ಕರೆಸಿದರು. ಅವರೂ ನಿನ್ನ ಬೀದಿಯವರೇ, ಮುಖ ಕಪ್ಪಿಟ್ಟಿತ್ತು. "ಯಾರೋ ಮಾಡಿದ್ದು ಇದು? ಟಿ.ಸಿ. ಕೊಟ್ಟು ಕಳಿಸ್ತೀನಿ" ಎಂದರು. ರಮೇಶ ನನ್ನ ಕಡೆ ನೋಡಿದ. ನಾನು ಲೀಡರು. ಟಿ.ಸಿ. ಎಂದ ಕೂಡಲೇ ಮಾವ ಕಣ್ಣ ಮುಂದೆ ಬಂದರು, ಊರಿನಲ್ಲಿ ಅಪ್ಪ ಬಂದರು.

"ಅವನೇ ಕತ್ತರಿಸು ಅಂದ ಸಾರ್. ಪೆರೇಡಲ್ಲಿ ನಿಲ್ಬೇಕು ಅಂತ."

ನಿನ್ನನ್ನು ಕರೆಸಿದರು. "ಹೌದೇನಪ್ಪ? ನೀನೇ ಹೇಳಿದ್ಯಾ?"

ನೀನು ನನ್ನನ್ನು ನೋಡಿದೆ. ಕೋಪದಿಂದಲ್ಲ. ನಾನು ಮುಂದೆ ಏನು ಮಾಡುತ್ತೇನೋ ಎಂದು ಕಾಯುವಂತೆ — ಸರಿಪಡಿಸಲು ಅವಕಾಶ ಕೊಡುವಂತೆ. ನಾನು ಗೋಡೆಯ ಮೇಲಿನ ಭೂಪಟ ನೋಡುತ್ತ ನಿಂತೆ. ನೀನು ತಲೆ ತಗ್ಗಿಸಿದೆ. ಹೆಡ್‌ಮಾಸ್ಟರು ಅದನ್ನು ಹೌದು ಎಂದುಕೊಂಡರು. ಅವರಿಗೂ ಅದೇ ಬೇಕಿತ್ತೋ ಏನೋ. ಒಂದು ಗಲಾಟೆ ತಪ್ಪಿತು.

ಕೂದಲು ಹೋದರೆ ಬೆಳೆಯುತ್ತದೆ. ನಾನು ಅವತ್ತು ತೆಗೆದುಕೊಂಡದ್ದು ಬೇರೆ. ಊರೆಲ್ಲ ಪ್ರಶ್ನಿಸಿದರೂ, ಪ್ರತಿದಿನ ಬೆಲ್ಲು ಹೊಡೆಸಿಕೊಂಡರೂ ನೀನು ಬಿಟ್ಟುಕೊಡದೆ ಇಟ್ಟುಕೊಂಡಿದ್ದನ್ನು, ಒಂದು ಪೆರೇಡಿನ ಆಸೆಗೆ ನೀನೇ ಕೊಟ್ಟುಬಿಟ್ಟೆ ಎಂದು ನಾನು ಊರಿಗೆ ಹೇಳಿದೆ. ಊರು ನಂಬಿತು.

ನಿನ್ನ ತಂದೆಯನ್ನು ಕಚೇರಿಯಿಂದ ಕರೆಸಿದರು. ಅವರು ಬಂದದ್ದನ್ನು ಕಿಟಕಿಯ ಆಚೆಯಿಂದ ನೋಡಿದೆ. ನನ್ನ ನೆನಪಿನಲ್ಲಿ ಅವರು ಕಚ್ಚೆ ಪಂಚೆ ಉಟ್ಟು ತಲೆಯ ಹಿಂದೆ ದಪ್ಪ ಜುಟ್ಟು ಗಂಟು ಹಾಕಿಕೊಂಡ ಬಿಗಿ ಮುಖದ ಮನುಷ್ಯ. ನೋಡಿ ನನಗೆ ಸಮಾಧಾನವೇ ಆಯಿತು. ಇಂತಹ ಅಪ್ಪನಿಂದ ನಿನ್ನನ್ನು ಬಿಡಿಸಿದೆವಲ್ಲ ಎಂದು.

ಮರುದಿನ ನೀನು ಕ್ರಾಪಿನ ತಲೆಯಲ್ಲಿ ಎರಡನೆಯ ಸಾಲಿನಲ್ಲಿ ನಿಂತೆ. ಬಗ್ಗಿದೆವು, ಎದ್ದೆವು. ಪಿ.ಟಿ. ಮೇಷ್ಟ್ರು ನನ್ನ ಬೆನ್ನು ತಟ್ಟಿ "ಸಾಲು ಅಂದ್ರೆ ಇದು ಕಣಯ್ಯ" ಎಂದರು. ಆಮೇಲೆ ಯಾರೂ ನಿನ್ನನ್ನು ಛೇಡಿಸಲಿಲ್ಲ. ನೀನೂ ಯಾರಿಗೂ ಎದುರುತ್ತರ ಕೊಡಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದೆ. ಕೇಳಿದರೆ ಪೆನ್ಸಿಲ್ಲು ಕೊಡುತ್ತಿದ್ದೆ. ಮೇಷ್ಟ್ರಿಗೆ ಪ್ರಶ್ನೆ ಕೇಳುವುದು ಮಾತ್ರ ನಿಂತುಹೋಯಿತು. ಬೇಸಿಗೆ ರಜೆ ಮುಗಿಸಿ ಬಂದಾಗ ನೀನಿರಲಿಲ್ಲ. ಅರಕಲಗೂಡಿನಲ್ಲಿ ಅಕ್ಕನ ಮನೆಯಲ್ಲಿದ್ದು ಹತ್ತನೇ ತರಗತಿ ಓದುತ್ತಾನೆ ಎಂದರು. ನಾನು ಕಾರಣ ಕೇಳಲಿಲ್ಲ. ಕೇಳಿದ್ದರೆ ಯಾರಾದರೂ ಹೇಳಿಬಿಡುವ ಅಪಾಯವಿತ್ತು.

ಮೈಸೂರಿನ ಹಾಸ್ಟೆಲಿನಲ್ಲಿ ಈ ಕಥೆ ನನಗೆ ಬಹಳ ಉಪಯೋಗಕ್ಕೆ ಬಂತು. ಕ್ರಾಂತಿಯ ಮಾತಾಡುವ ಗೆಳೆಯರ ನಡುವೆ ಕತ್ತರಿ ನನ್ನ ಕೈಯಲ್ಲಿರುತ್ತಿತ್ತು. ಸ್ವಲ್ಪ ಮೃದು ಮನಸ್ಸಿನವರು ಕೂತಿದ್ದರೆ ಅದು ರಮೇಶನ ಕೈಗೆ ಹೋಗುತ್ತಿತ್ತು, ನಾನು ತಡೆಯಲು ಹೋದವನಾಗುತ್ತಿದ್ದೆ. ಒಮ್ಮೆ ಒಂದು ವಿಚಾರಗೋಷ್ಠಿಯಲ್ಲಿ ನಾನು ಹೇಳಿದ ಕಥೆಯಲ್ಲಿ ನೀನೇ ಕತ್ತರಿ ತಂದುಕೊಟ್ಟು "ಬಿಡಿಸೋ ನನ್ನ" ಎಂದು ಅತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನನಗೂ ಕಣ್ಣು ತುಂಬಿತು — ಸುಳ್ಳಿಗೆ ಅಷ್ಟು ನಿಜವಾದ ಕಣ್ಣೀರು. ಕತ್ತರಿ ಯಾರ ಕೈಯಲ್ಲಿತ್ತೆಂದು ನನಗೆ ಗೊತ್ತಿಲ್ಲದಿರಲು ಮನಸ್ಸಿನ ಯಾವ ಸಿದ್ಧಾಂತವೂ ಬೇಕಿಲ್ಲ. ಅದನ್ನು ನಾನೇ ಅಷ್ಟು ಕೈಗಳಿಗೆ ಕೊಟ್ಟಿದ್ದೆ.

ವರ್ಷಗಳ ಮೇಲೆ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಅಧ್ಯಾಪಕನಾದೆ. ಎರಡು ಸಾವಿರದ ಹತ್ತನೇ ಇಸವಿ ದಾಟಿತ್ತು. ಶಿಸ್ತು ಸಮಿತಿಯಲ್ಲಿ ನನ್ನನ್ನೂ ಹಾಕಿದ್ದರು. ಒಬ್ಬ ವಿದ್ಯಾರ್ಥಿ ಭುಜ ಮುಟ್ಟುವಷ್ಟು ಕೂದಲು ಬಿಟ್ಟುಕೊಂಡು ಬರುತ್ತಿದ್ದ. ಶಾಂತಿಗ್ರಾಮದ ಕಡೆಯಿಂದ ಅವನ ತಂದೆಯನ್ನು ಕರೆಸಿದೆವು. ಹಾಲು ಕರೆದು ಬೆಳಗಿನ ಬಸ್ಸು ಹಿಡಿದು ಬಂದಿದ್ದ ಆ ರೈತ ಕುರ್ಚಿಯ ತುದಿಯಲ್ಲಿ ಕೂತು "ಮಗ ಓದ್ತಾನಲ್ವಾ ಸಾ? ಓದ್ತಾನೆ ಅಂದ್ರೆ ಕೂದ್ಲು ಎಂಗಾರ ಇರ್ಲಿ ಬುಡಿ" ಎಂದ. ಅದಕ್ಕೆ ಉತ್ತರ ಕೊಟ್ಟವನು ನಾನು. "ನಿಮ್ಮ ಮಗನ ಒಳ್ಳೆಯದಕ್ಕೇ ಹೇಳ್ತಿರೋದು. ಎಲ್ಲರ ಹಾಗೆ ಇದ್ದರೆ ಅವನಿಗೇ ಸುಲಭ."

ನನ್ನ ಧ್ವನಿ ನನಗೇ ಕೇಳಿಸಿತು. ಹಳೆಯ ಧ್ವನಿ, ಅದೇ ಮಮತೆ. ಸಭೆ ಮುಗಿದ ಮೇಲೂ ಅಲ್ಲೇ ಕೂತಿದ್ದೆ. ಸಮಿತಿಯಿಂದ ಹೊರಬಂದದ್ದು, ಆ ಹುಡುಗನನ್ನು ಅವನ ಪಾಡಿಗೆ ಬಿಡಿ ಎಂದು ಪ್ರಿನ್ಸಿಪಾಲರೊಡನೆ ವಾದಿಸಿದ್ದು ಎಲ್ಲ ಆಮೇಲಿನ ಮಾತು. ಅದನ್ನು ಇಲ್ಲಿ ನನ್ನ ಪರವಾಗಿ ಎಣಿಸಬೇಡ.

ರಮೇಶ ಚನ್ನರಾಯಪಟ್ಟಣದಲ್ಲೇ ತೆಂಗಿನಕಾಯಿ ಮಂಡಿ ಇಟ್ಟಿದ್ದಾನೆ. ಆ ವಾರವೇ ಹೋಗಿ ಕೇಳಿದೆ: ಅವತ್ತು ಕತ್ತರಿ ಯಾರ ಕೈಯಲ್ಲಿತ್ತು?

ಕಾಯಿ ರಾಶಿಯ ಮೇಲೆ ಕೂತಿದ್ದ ರಮೇಶ ಮೊದಲು ನಕ್ಕ. "ಇದನ್ನ ಕೇಳಕ್ಕೆ ಬಂದ್ಯಾ? ಓದಿ ಓದಿ ತಲೆ ಕೆಟ್ಟೋಗದೆ ಕಣ್ಲಾ ನಿಂಗೆ." ಆಮೇಲೆ ನಗು ಇಳಿಯಿತು. "ನಂಗೆ ಗ್ಯಾಪ್ನ ಇಲ್ಲ. ನಾನೇ ಇರ್ಬೋದು, ನೀನೇ ಇರ್ಬೋದು. ಅದ್ರಾಗೇನು? ನೀನು ಲೀಡ್ರು. ನೀನೇಳ್ದೆ ಇದ್ರೆ ನಾವೇನಾರ ಮಾಡ್ತಿದ್ವಾ? ನಾನು ಬರೀ ಎಳೀತಿದ್ದೆ. ಎಳುದ್ರೆ ಬೈತಿದ್ದ, ನಾನೂ ಬೈತಿದ್ದೆ, ಮುಗೀತಿತ್ತು. ಕತ್ತರ್ಸೋ ಯೋಚ್ನೆ ನಂದಲ್ಲ."

ನಾನು ಎದ್ದು ಬಂದೆ. ಅಷ್ಟು ವರ್ಷ ಕೇಳಿಕೊಂಡ ಪ್ರಶ್ನೆಯೇ ತಪ್ಪಾಗಿತ್ತು.

ಅರಕಲಗೂಡಿನಲ್ಲಿ ನಿನ್ನ ಅಕ್ಕನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರು ಅಲ್ಲಿಯೇ ಪ್ರಾಥಮಿಕ ಶಾಲೆಯಲ್ಲಿ ಮೇಡಂ. ನಾನು ಯಾರೆಂದು ಹೇಳಿದೆ. ಸುಳ್ಳು ಹೇಳಿದವನು ನಾನು ಎಂಬುದನ್ನೂ ಬಾಗಿಲಲ್ಲೇ ಹೇಳಿದೆ, ಇಲ್ಲದಿದ್ದರೆ ಒಳಗೆ ಹೋಗಿ ಕಾಫಿ ಕುಡಿದ ಮೇಲೆ ಹೇಳಲಾಗುತ್ತಿರಲಿಲ್ಲ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಒಳಗೆ ಬನ್ನಿ" ಎಂದರು. ಆಮೇಲೆ ಕಾಫಿಯನ್ನೂ ಕೊಟ್ಟರು.

ನೀನು ಹಾಸನದಲ್ಲಿ ಕೆಲಸದಲ್ಲಿದ್ದೀಯ, ಇಬ್ಬರು ಮಕ್ಕಳು, ಚೆನ್ನಾಗಿದ್ದೀಯ ಎಂದರು. ನಿಮ್ಮ ತಂದೆಯ ಕಟ್ಟುನಿಟ್ಟಿನಿಂದ ಅವನನ್ನು ಬಿಡಿಸುತ್ತಿದ್ದೇವೆ ಎಂದು ಆಗ ನಂಬಿದ್ದೆವು ಅಕ್ಕ ಎಂದೆ.

"ನಮ್ಮಪ್ಪನ ಕಟ್ಟುನಿಟ್ಟಾ?" ಅವರಿಗೆ ಅರ್ಥವಾಗಲಿಲ್ಲ. "ನಮ್ಮಪ್ಪ ಜುಟ್ಟು ತೆಗೆಸು ಅಂತ ಇವನ ಹಿಂದೆ ಬಿದ್ದಿದ್ರು ಕಣಪ್ಪ. ಹೈಸ್ಕೂಲಿಗೆ ಸೇರಿಸೋವಾಗಲೇ ಹೇಳಿದ್ರು — ಎಲ್ಲರ ಹಾಗೆ ಇರು, ಸುಮ್ನೆ ಯಾಕೆ ಹುಡುಗರ ಬಾಯಿಗೆ ಬೀಳ್ತೀಯ ಅಂತ. ಇವನು ಕೇಳಲಿಲ್ಲ."

ಯಾಕೆ ಎಂದೆ. ತಾತನ ಆಸೆಯೇ, ವ್ರತವೇ, ದೇವರ ಮೇಲಿನ ಭಕ್ತಿಯೇ.

"ಅಂಥದ್ದೇನಿಲ್ಲ. ದೇವಸ್ಥಾನಕ್ಕೆ ಎಳ್ಕೊಂಡು ಹೋಗ್ಬೇಕಿತ್ತು ಅವನನ್ನ. ಅವನಿಗೆ ಅದು ಇಷ್ಟ ಇತ್ತು, ಅಷ್ಟೇ. ಕನ್ನಡಿ ಮುಂದೆ ನಿಂತು ಗಂಟು ಹಾಕೋದು, ಬಿಚ್ಚೋದು. ನನಗೆ ಚೆನ್ನಾಗಿ ಕಾಣುತ್ತೆ ಅನ್ನೋನು."

ಆಮೇಲೆ ಅವರು ಹೇಳಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಆಗ ಅವರು ಬಾಣಂತನಕ್ಕೆ ತವರಿಗೆ ಬಂದಿದ್ದರಂತೆ. ಪೆರೇಡಿನ ಹಿಂದಿನ ದಿನ ಸಂಜೆ ನಿನ್ನ ತಂದೆ ನಿನ್ನನ್ನು ಕ್ಷೌರದ ಅಂಗಡಿಗೆ ಕರೆದುಕೊಂಡು ಹೋಗಿ ತಲೆ ಒಪ್ಪ ಮಾಡಿಸಿ, ಬರುವಾಗ ಜಿಲೇಬಿ ಕಟ್ಟಿಸಿಕೊಂಡು ಬಂದರಂತೆ. "ಕೊನೆಗೂ ತಾನಾಗೇ ಬುದ್ಧಿ ಬಂತು" ಎಂದು ಎಲ್ಲರಿಗೂ ಹಂಚಿದರಂತೆ. "ನಾನಾಗಿ ತೆಗೆಸಿದ್ದಲ್ಲ, ಹುಡುಗರೇ ಕತ್ತರಿಸಿದ್ದು" ಎಂದು ಹೇಳಲು ನೀನು ಬಾಯಿ ತೆರೆದೆ. ತಂದೆಯ ಮುಖದ ಸಂತೋಷ ನೋಡಿ ಮುಚ್ಚಿದೆ. ಅಕ್ಕನಿಗೆ ಮಾತ್ರ ಹೇಳಿದೆ. ಬೇಸಿಗೆಯಲ್ಲಿ ನಿನ್ನನ್ನು ಅರಕಲಗೂಡಿಗೆ ಕರೆದುಕೊಂಡು ಬಂದವರು ಅವರೇ.

ಅವರಪ್ಪ ಬಲವಂತ ಮಾಡಿ ಜುಟ್ಟು ಬಿಡಿಸಿದ್ದಾನೆ ಎಂದು ಹೇಳಿ ನಾನು ಆಡಿಸಿದ ಆಟದಲ್ಲಿ, ನಿನ್ನ ಅಪ್ಪ ನಮ್ಮ ಕಡೆಯವರೇ ಆಗಿದ್ದರು. ಶಾಲೆ, ಮನೆ, ಗೆಳೆಯರು — ಎಲ್ಲರೂ ನಿನ್ನ ಒಳ್ಳೆಯದನ್ನೇ ಬಯಸಿದ್ದೆವು. ನೀನು ಒಬ್ಬನೇ ಇದ್ದೆ.

ಕ್ಷಮಿಸು ಎಂದು ಇದನ್ನು ಬರೆಯುತ್ತಿಲ್ಲ. ಕ್ಷಮಿಸಿದರೆ ಅದೂ ನನಗೇ ಲಾಭ. ಪ್ರಹ್ಲಾದ ತಾನಾಗಿ ಬಿಟ್ಟುಕೊಡಲಿಲ್ಲ ಎಂಬುದು ಅಚ್ಚಿನಲ್ಲಿ ಇರಲಿ ಎಂದಷ್ಟೇ. ನಿನ್ನ ಬೀದಿಯ ಹಳಬರಲ್ಲಿ ಇಬ್ಬರು ಮೂವರಿಗೆ ಹೋಗಿ ಬಾಯಲ್ಲೂ ಹೇಳಿ ಬಂದಿದ್ದೇನೆ, ಉಳಿದವರಿಗೂ ಹೇಳುತ್ತೇನೆ.

ಆದರೆ ನನ್ನ ಸ್ವಭಾವ ನಿನಗೆ ಗೊತ್ತು. ಅಕ್ಕ ಹೇಳಿದ ಮೇಲೂ ನನ್ನ ಕಣ್ಣ ಮುಂದೆ ಕಿಟಕಿಯಾಚೆಯ ಆ ಮನುಷ್ಯ ನಿಂತೇ ಇದ್ದರು, ಪಂಚೆ ಉಟ್ಟು, ದಪ್ಪ ಜುಟ್ಟು ಗಂಟು ಹಾಕಿಕೊಂಡು. ನಿಮ್ಮ ತಂದೆಯ ಫೋಟೋ ಇದೆಯೇ ಎಂದು ಕೇಳಿದೆ. ಅವರು ತಮ್ಮ ಮದುವೆಯ ಆಲ್ಬಮ್ಮು ತಂದರು. ನೀನು ಏಳನೆಯದೋ ಎಂಟನೆಯದೋ ಓದುತ್ತಿದ್ದಾಗಿನದು. ಮನೆಯ ಗಂಡಸರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನಿನ್ನ ತಂದೆ ಪ್ಯಾಂಟು ತೊಟ್ಟಿದ್ದಾರೆ, ಎಡಕ್ಕೆ ಬೈತಲೆ ತೆಗೆದು ಬಾಚಿದ ಕ್ರಾಪು. ಚಿಕ್ಕಪ್ಪಂದಿರಿಗೂ ಕ್ರಾಪು, ಭಾವನಿಗೂ ಕ್ರಾಪು. ಇನ್ನೊಂದು ಫೋಟೋದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾರೆ, ಹಿಂದಿನಿಂದ ತೆಗೆದದ್ದು. ಒಂದೊಂದು ತಲೆಯನ್ನೂ ನೋಡಿದೆ. ಜುಟ್ಟಿರುವುದು ನಿನಗೊಬ್ಬನಿಗೇ.